ನಾರಿನ ಮಿಷನ್ನೋನ ಮಗ

ಚುನಾವಣೆಯಲ್ಲಿ ಸೋತವರ ಮನೆ ಮುಂದೆ ಮೊದಲು ಕಡಿಮೆಯಾಗುವುದು ಚಪ್ಪಲಿ. ನಮ್ಮ ಸಾಹೇಬರು ಶಾಸಕರಾಗಿದ್ದಾಗ ಬೆಳಗಿನ ಹೊತ್ತು ಅವರ ಮನೆಯ ಮೆಟ್ಟಿಲ ಬಳಿ ಕಾಲಿಡಲು ಜಾಗ ಇರುತ್ತಿರಲಿಲ್ಲ. ನನ್ನ ಎಕ್ಕಡ ಎರಡು ಸಲ ಯಾರದೋ ಪಾಲಾಗಿ, ಬರಿಗಾಲಲ್ಲಿ ಬಸ್ಸು ಹತ್ತಿದ್ದೇನೆ. ಫಲಿತಾಂಶ ಬಂದ ಮಾರನೆಯ ಬೆಳಿಗ್ಗೆ ಹೋದಾಗ ಅಲ್ಲಿ ಒಂದೇ ಜೊತೆ ಇತ್ತು. ಅದು ಹಾಲು ಹಾಕುವವನದು, ಅವನೂ ಅವಸರದಲ್ಲಿದ್ದ.

ಈಗ ಅವರು ಈ ಕಡೆ ಇಲ್ಲ. ತುಮಕೂರಿನಲ್ಲಿ ವಕೀಲಿ ಮಾಡುತ್ತಾರೆ ಎಂದು ಕೇಳಿದ್ದೇನೆ. ಮನೆಗೆ ಬೀಗ ಬಿದ್ದಿದೆ. ಮೊನ್ನೆ ತಿಪಟೂರಿನಲ್ಲಿ ಕಾಪಿ ಕುಡಿಯುವಾಗ ಪಕ್ಕದ ಮೇಜಿನವರು ಅವರ ಮಾತೆತ್ತಿದರು. "ಒಳ್ಳೆ ಹುಡ್ಗ ಕಣಪ್ಪ. ಆದ್ರೆ ದುಡ್ಡಿನ ಆಸೆ ಜಾಸ್ತಿ. ಅದೇ ಹಾಳ್ ಮಾಡ್ತು." ನನಗೆ ಮೈಯೆಲ್ಲ ಉರಿಯಿತು. ಅವರೊಂದಿಗೆ ಒಂದು ಪೂರ್ತಿ ಅವಧಿ ಸುತ್ತಿದವನು ನಾನು. ಅವರಲ್ಲಿ ಇಲ್ಲದ ದೋಷಗಳನ್ನು ಲೆಕ್ಕ ಹಾಕಲು ಕೂತರೆ ದುಡ್ಡಿನ ಆಸೆಯೇ ಮೊದಲು ಬರುತ್ತದೆ. ಈ ಮಾತು ಎಲ್ಲಿ ಹುಟ್ಟಿತು ಎಂಬುದು ನನಗೆ ಗೊತ್ತು. ಹುಟ್ಟುವಾಗ ನಾನು ಅಲ್ಲೇ ನಿಂತಿದ್ದೆ. ಮೇಜಿನವರಿಗೆ ಹೇಳಲಿಲ್ಲ, ಇಲ್ಲಿ ಹೇಳುತ್ತಿದ್ದೇನೆ. ಅವರ ಹೆಸರು ಬರೆಯುವುದಿಲ್ಲ. ಗೊತ್ತಿರುವವರಿಗೆ ಗೊತ್ತಾಗುತ್ತದೆ, ಉಳಿದವರಿಗೆ ಹೆಸರಿನಿಂದ ಆಗಬೇಕಾದ್ದು ಏನೂ ಇಲ್ಲ.

ನಾನು ಮಾಯಸಂದ್ರದ ಕಡೆಯವನು. ತುರುವೇಕೆರೆಯ ಒಂದು ಕಚೇರಿಯಲ್ಲಿ ಕಡತಗಳ ನಡುವೆ ಸುಖವಾಗಿ ಮುದುಕನಾಗುತ್ತಿದ್ದವನನ್ನು ನಿಯೋಜನೆಯ ಮೇಲೆ ಹೊಸ ಶಾಸಕರ ಆಪ್ತ ಸಹಾಯಕನನ್ನಾಗಿ ಕಳಿಸಿದರು. ನನಗೆ ಸುತರಾಂ ಇಷ್ಟವಿರಲಿಲ್ಲ. ಶಾಸಕರಿಗೆ ಬೀಳಬೇಕಾದ ಬೈಗುಳವೆಲ್ಲ ಮೊದಲು ಪಿ.ಎ.ಗೆ ಬಿದ್ದು, ಮಿಕ್ಕಿದ್ದು ಮಾತ್ರ ಒಳಗೆ ಹೋಗುತ್ತದೆ. ಅದೂ ಅಲ್ಲದೆ ಇವರು ನನಗಿಂತ ಎಷ್ಟೋ ಚಿಕ್ಕವರು. ನಮ್ಮ ಮಗನ ಓರಗೆಯವನ ಮುಂದೆ ಕೈಕಟ್ಟಿ ನಿಲ್ಲಬೇಕಲ್ಲ ಎಂಬ ಬಿಗುಮಾನ ಬೇರೆ. ಮೊದಲ ದಿನ ಕಚೇರಿಯ ಕನ್ನಡದಲ್ಲಿ "ನಾಳೆ ಬೆಳಿಗ್ಗೆ ಬರುತ್ತೇನೆ ಸಾರ್" ಎಂದೆ. ಅವರು ನಕ್ಕರು.

"ಬತ್ತೀನಿ ಅನ್ನಿ ಅಣ್ಣಾ. ನೀವು ಈ ಕಡೆಯೋರೇ ಅಲ್ವಾ?"

ಮಾತೆಂದರೆ ಹಾಗೆ ಅವರದು. ಹಳ್ಳಿಯವರಿಗಿಂತ ಒಂದು ಕೈ ಹೆಚ್ಚೇ ಹಳ್ಳಿ. ಬಿಳಿಗೆರೆಯ ಕಡೆ ಒಂದು ಪದ ಹೇಗೆ ಎಳೆದುಕೊಳ್ಳುತ್ತದೆ, ಹುಳಿಯಾರಿನ ಕಡೆಯ ಹಟ್ಟಿಗಳಲ್ಲಿ ಅದೇ ಪದ ಹೇಗೆ ಮೊಟಕಾಗುತ್ತದೆ ಎಂಬುದೆಲ್ಲ ನಾಲಿಗೆಯಲ್ಲೇ ಇತ್ತು. ಯಾವ ಊರಿಗೆ ಹೋದರೆ ಆ ಊರಿನವರಾಗಿ ಮಾತಾಡುತ್ತಿದ್ದರು. ಜನ ಹಿಗ್ಗುತ್ತಿದ್ದರು. "ನಮ್ಮೋನೇ ಕಣ್ಲಾ ಇವ್ನು!" ಎಂದು ಬೆನ್ನು ತಟ್ಟುತ್ತಿದ್ದರು. ಬೆನ್ನು ತಟ್ಟಿಸಿಕೊಳ್ಳುವಾಗ ಅವರ ಮುಖದಲ್ಲಿ ಪಾಸಾದ ಹುಡುಗನ ಸಮಾಧಾನ ಕಾಣುತ್ತಿತ್ತು. ಅದು ಏಕೆಂದು ನನಗೆ ಗೊತ್ತಾಗಲು ಸ್ವಲ್ಪ ಕಾಲ ಬೇಕಾಯಿತು.

ಅವರ ತಂದೆ ಸೇಲಂ ಕಡೆಯವರು. ಹಾಲ್ಕುರಿಕೆಯ ರಸ್ತೆಯ ಒಂದು ಹಳ್ಳಿಯಲ್ಲಿ ಯಾರೋ ಒಬ್ಬರು ನಾರಿನ ಮಿಷನ್ ಹಾಕಿದರು. ತೆಂಗಿನಕಾಯಿ ಸುಲಿದ ಮಟ್ಟೆಯನ್ನು ಜಜ್ಜಿ, ಹೊಟ್ಟು ಉದುರಿಸಿ, ನಾರು ಬಿಡಿಸುವ ಯಂತ್ರ. ಅದನ್ನು ಕೂರಿಸಲು ಮೆಕ್ಯಾನಿಕ್ ಆಗಿ ಬಂದವರು ಈ ತಂದೆ. ಅವರು ನನಗೆ ಹೇಳಿದ್ದು ಹೀಗೆ: "ನಾನು ಬಂದಿದ್ದು ಒಂದು ವಾರಕ್ಕೆ ಸಾರ್. ಮಿಷನ್ ಕೂರ್ಸಿ ಹೋಗ್ಬೇಕು. ಮಿಷನ್ ಬುಡ್ಲಿಲ್ಲ." ಯಂತ್ರ ದಿನಾ ಕೆಡುತ್ತಿತ್ತು, ಧಣಿಗೆ ಬೇಸರವಾಯಿತು, ಇವರೇ ನಡೆಸುವಂತಾಯಿತು, ಕಡೆಗೆ ಇವರದೇ ಆಯಿತು. ಊರಿಗೆ ಹೋಗಿ ಮದುವೆಯಾಗಿ ಹೆಂಡತಿಯನ್ನು ಕರೆತಂದರು. ಮಿಷನ್ ಹಿಂದೆಯೇ ಮನೆ. ಅಲ್ಲೇ ಮಗ ಹುಟ್ಟಿದ್ದು. ಊರಿನವರಿಗೆ ಮಟ್ಟೆ ಎಂದರೆ ಬಚ್ಚಲ ಒಲೆಗೆ ಉರಿ, ಹೆಚ್ಚಾದರೆ ಬದುವಿನ ಮೇಲೆ ಕೊಳೆಯುವ ಕಸ. "ನಾವು ಬಿಸಾಕಿದ್ರಲ್ಲಿ ಮನೆ ಕಟ್ಟಿದೋರು" ಎಂದು ಅವರ ಬಗ್ಗೆ ಹೇಳುತ್ತಿದ್ದರು. ಕೆಲವರು ಅದನ್ನು ಮೆಚ್ಚಿ ಹೇಳುತ್ತಿದ್ದರು, ಕೆಲವರು ಹಲ್ಲು ಕಚ್ಚಿ.

ಶಾಲೆಯಲ್ಲಿ ಹುಡುಗರು ಈ ಮಗನನ್ನು ಏನೆಂದು ಕರೆಯುತ್ತಿದ್ದರೋ ಅದನ್ನು ಇಲ್ಲಿ ಬರೆಯಲು ನನಗೆ ಮನಸ್ಸಿಲ್ಲ. ಹೆಸರು ಹಿಡಿದು ಕರೆದವರು ಕಡಿಮೆ. ದೊಡ್ಡವರಿಗೆ ಅವರು "ನಾರಿನ ಮಿಷನ್ನೋನ ಮಗ". ಆ ಹುಡುಗ ಮಾಡಿದ್ದು ಒಂದೇ ಕೆಲಸ, ಕನ್ನಡವನ್ನು ಹಲ್ಲು ಕಚ್ಚಿ ಕಲಿತದ್ದು. ಕಾನೂನು ಓದಿ ಬಂದ ಮೇಲೆ ಕೊಬ್ಬರಿ ಬೆಲೆ ಬಿದ್ದ ವರ್ಷ ಮಾರುಕಟ್ಟೆಯ ಗೇಟಿನ ಮುಂದೆ ರೈತರ ಜೊತೆ ಧರಣಿ ಕೂತರು. ದೊಡ್ಡ ಮುಖಂಡರು ಬಂದು ಭಾಷಣ ಮಾಡಿ ಹೋಗುತ್ತಿದ್ದರು, ಇವರು ಮಾತ್ರ ಎದ್ದು ಹೋಗಲಿಲ್ಲ. ಜನ ಅದನ್ನು ನೋಡಿದರು. ಚುನಾವಣೆ ಬಂದಾಗ ಪಕ್ಷದ ಇಬ್ಬರು ಹಿರಿಯರು, ನನಗಿಲ್ಲದಿದ್ದರೆ ಅವನಿಗೂ ಬೇಡ ಎಂದು ಜಗಳಕ್ಕೆ ನಿಂತರು, ನಡುವೆ ಇವರಿಗೆ ಟಿಕೆಟ್ ಬಂತು. ಇಬ್ಬರಿಗೂ ಇವರು ಗೆಲ್ಲುವುದಿಲ್ಲ ಎಂಬ ನಂಬಿಕೆ ಇತ್ತು. ಗೆದ್ದರು.

ಗೆದ್ದ ಮೇಲೆ ಶುರುವಾಯಿತು ನೋಡಿ. ನಮ್ಮ ಕಡೆ ಶಾಸಕ ಎಂದರೆ ಊರಿಗೊಬ್ಬ ನೆಂಟ. ಬೀಗರೂಟಕ್ಕೆ ಬರಬೇಕು, ನಾಮಕರಣಕ್ಕೆ ಬರಬೇಕು, ಬೋರಿಗೆ ಪೂಜೆ ಮಾಡಬೇಕು, ತಿಥಿಗಂತೂ ಬರಲೇಬೇಕು. ಮದುವೆಗೆ ಬಾರದಿದ್ದರೆ ಕ್ಷಮಿಸುತ್ತಾರೆ, ತಿಥಿಗೆ ಬಾರದಿದ್ದರೆ ಮೊಮ್ಮಕ್ಕಳ ಕಾಲಕ್ಕೂ ನೆನಪಿಡುತ್ತಾರೆ. ಬೇರೆ ಶಾಸಕರು ಹಾರ ಹಾಕಿ ಕೈ ಮುಗಿದು ಹೊರಟುಬಿಡುತ್ತಾರೆ. ಇವರು ಪ್ರತಿ ಪಂಕ್ತಿಯಲ್ಲೂ ಕೂತು ಉಣ್ಣುತ್ತಿದ್ದರು. ಒಂದು ದಿನ ಮೂರನೆಯ ತಿಥಿಯ ವಡೆ ಎಲೆಗೆ ಬಿದ್ದಾಗ ಅವರ ಹಣೆಯಲ್ಲಿ ಬೆವರು ಇಳಿಯಿತು. ನಾನು ಕಿವಿಯಲ್ಲಿ "ಏಳಿ ಸಾರ್, ಸಾಕು" ಎಂದೆ. "ನೀವು ಎದ್ರೆ ಹೊಟ್ಟೆ ಕೆಟ್ಟೈತೆ ಅಂತಾರೆ ಅಣ್ಣಾ. ನಾನು ಎದ್ರೆ ನಮ್ಮನೆ ಊಟ ಇವನಿಗೆ ಸೇರಕಿಲ್ಲ ಅಂತಾರೆ" ಎಂದು ಪಿಸುಗುಟ್ಟಿ ವಡೆ ಮುರಿದರು.

ಹಾಲ್ಕುರಿಕೆಯ ಹತ್ತಿರ ಒಂದು ತೋಟದ ಮನೆಗೆ ಹೋದದ್ದು ನೆನಪಾಗುತ್ತದೆ. ರಸ್ತೆ ಡಾಂಬರಿನ ಮಾತಿಗೆ ಹೋಗಿದ್ದೆವು. ಮನೆಯ ಯಜಮಾನರು ಹಿರಿಯರು, ಮೀಸೆ ತುಂಬ ನಗು. ಕೊಬ್ಬರಿ ಕಾಯಿ ಒಟ್ಟಿದ್ದ ಅಟ್ಟ ತೋರಿಸುತ್ತೇನೆ ಬನ್ನಿ ಎಂದು ಏಣಿ ಹತ್ತಿಸಿದರು. ರಾಶಿಯಿಂದ ಒಂದು ಕಾಯಿ ತೆಗೆದು ಇವರ ಕೈಗಿಟ್ಟು, "ಹೇಳಪ್ಪ, ಕೊಬ್ಬರಿ ಆಗೈತಾ?" ಎಂದರು. ಕೆಳಗೆ ಮನೆ ಮಂದಿಯೆಲ್ಲ ಕತ್ತೆತ್ತಿ ನಿಂತಿದ್ದರು. ಇವರು ಕಾಯಿಯನ್ನು ಕಿವಿಗೆ ಹಿಡಿದು ಅಲ್ಲಾಡಿಸಿದರು. ಒಳಗೆ ನೀರು ಇನ್ನೂ ಕುಲುಕಿದರೆ ಕಾಯಿ ಕಾಯಬೇಕು, ಎಲ್ಲ ಇಂಗಿ ಉಂಡೆ ಕಳಚಿಕೊಂಡಿದ್ದರೆ ಲೊಟ್ಟೆಂದು ಸದ್ದು ಬರುತ್ತದೆ. "ಇನ್ನೂ ಒಂದು ತಿಂಗ್ಳು ಇರ್ಲಿ ತಾತ, ಗುಟುಕು ನೀರೈತೆ" ಎಂದರು. ಯಜಮಾನರು ತೊಡೆ ತಟ್ಟಿ, "ಸೈ ಕಣ್ಲಾ!" ಎಂದರು. ಕೆಳಗಿದ್ದವರೆಲ್ಲ ನಕ್ಕರು, ಮಜ್ಜಿಗೆ ಬಂತು, ಸಂತೋಷವಾಯಿತು.

ಕಾರು ಊರು ದಾಟಿದ ಮೇಲೆ ಅವರು ಕರವಸ್ತ್ರದಿಂದ ಕೈ ಒರೆಸಿಕೊಳ್ಳುತ್ತಾ ಕಿಟಕಿಯ ಕಡೆ ತಿರುಗಿ ಹೇಳಿದರು. "ಆ ಮನೇಲಿ ನನ್ನ ವಯಸ್ಸಿನ ಮಗ ಇದ್ದ, ನೋಡಿದ್ರಾ ಅಣ್ಣಾ? ಅವನ ಕೈಗೆ ಯಾರೂ ಕಾಯಿ ಕೊಡಲ್ಲ."

ಅಲ್ಲಿಯವರೆಗೆ ನಾನೂ ಕೆಳಗೆ ನಿಂತು ನಕ್ಕವರ ಪೈಕಿ.

ಮನೆಯಲ್ಲಿ ಅವರ ಮಾತು ತಮಿಳು. ಎಂದರೆ, ಮೊದಲು ಇದ್ದದ್ದು. ಟಿಕೆಟ್ ಬಂದಂದಿನಿಂದ ಅದು ಒಳಮನೆ ಸೇರಿತು. ಜಗಲಿಯಲ್ಲಿ ಜನ ಇದ್ದರೆ ತಾಯಿ ಮಗನೊಂದಿಗೆ ಕತ್ತಾಡಿಸಿಯೇ ಮಾತಾಡುತ್ತಿದ್ದರು. ಮಿಷನ್ ಹಿಂದಿನ ಮನೆ ಬಿಟ್ಟು ಹೊರಗೆ ಬೆರೆಯದ ಅವರಿಗೆ ಕನ್ನಡ ಅರ್ಥವಾಗುತ್ತಿತ್ತು, ಆಡಲು ಬರುತ್ತಿರಲಿಲ್ಲ. ಅವರು ಮಗನನ್ನು "ಕಣ್ಣು" ಎಂದು ಕರೆಯುತ್ತಿದ್ದರು. ಸೇಲಂ ಕಡೆ ಮಕ್ಕಳನ್ನು ಮುದ್ದಿನಿಂದ ಹಾಗೆ ಕರೆಯುತ್ತಾರಂತೆ. ಬಂದವರಿಗೆ ಅದು ಕನ್ನಡವಾಗಿಯೇ ಕೇಳಿಸುತ್ತಿದ್ದುದರಿಂದ ಆ ಒಂದು ಪದಕ್ಕೆ ಮಾತ್ರ ಜಗಲಿಯ ತನಕ ಬರಲು ಅಪ್ಪಣೆ ಇತ್ತು. ತಾಯಿಯ ಫೋನು ಬಂದರೆ ಕಾರಿನಲ್ಲಿ ಇವರು "ಹ್ಞೂ", "ಉಹ್ಞೂ" ಬಿಟ್ಟು ಬೇರೆ ಆಡುತ್ತಿರಲಿಲ್ಲ. ಆದರೆ ದೂರದ ಊರಿಂದ ಬರುವಾಗ ಹಿಂದಿನ ಸೀಟಿನಲ್ಲಿ ನಿದ್ದೆ ಹತ್ತಿದರೆ ಏನೇನೋ ಕನವರಿಸುತ್ತಿದ್ದರು. ಅದು ಪೂರ್ತಿ ತಮಿಳು. ಆಗ ನಮ್ಮ ಡ್ರೈವರ್ ಕನ್ನಡಿಯಲ್ಲಿ ನನ್ನ ಮುಖ ನೋಡಿ, ರೇಡಿಯೋ ಸದ್ದು ಹೆಚ್ಚು ಮಾಡುತ್ತಿದ್ದ. ನಾನು ಕಡತ ತಿರುವಿ ಹಾಕುತ್ತಿದ್ದೆ. ಈ ಬಗ್ಗೆ ನಾನೂ ಡ್ರೈವರೂ ಒಂದು ದಿನವೂ ಮಾತಾಡಿಕೊಂಡವರಲ್ಲ.

ಆಮೇಲೆ ನದಿ ನೀರಿನ ಗಲಾಟೆ ಹೊತ್ತಿಕೊಂಡಿತು. ನಮ್ಮ ತೋಟಗಳಿಗೂ ಆ ನದಿಗೂ ಇರುವ ನಂಟು ದೂರದ್ದು, ಆದರೆ ಸಿಟ್ಟಿಗೆ ದೂರವೇನು ಲೆಕ್ಕ. ಪೇಟೆಯಲ್ಲಿ ಬಂದ್ ಆಯಿತು, ಸರ್ಕಲ್ಲಿನಲ್ಲಿ ವೇದಿಕೆ ಹಾಕಿದರು. ಶಾಸಕರು ಬಾರದಿದ್ದರೆ ಒಂದು ಮಾತು, ಬಂದರೆ ಇನ್ನೊಂದು ಮಾತು. ಬಂದರು. ಎದುರು ಪಕ್ಷದ ಮುಖಂಡರೊಬ್ಬರು ತಮ್ಮ ಭಾಷಣದ ಕೊನೆಗೆ ಇವರ ಕಡೆ ತಿರುಗಿ, ಮುಖದ ತುಂಬ ನಗುತ್ತಾ, "ನಮ್ಮ ಶಾಸಕರ ಮನೇಲಿ ಯಾವ ಭಾಷೆ ಮಾತಾಡ್ತಾರೆ ಅಂತ ತಿಳ್ಕೊಳೋ ಆಸೆ ಜನಕ್ಕೆ" ಎಂದು ಮೈಕು ಕೊಟ್ಟರು.

ಇವರು ಮೈಕು ಹಿಡಿದು ಗಂಟಲು ಹರಿಯುವಂತೆ ಕೂಗಿದರು. "ನಮ್ಮನೇಲಿ ಕನ್ನಡ ಬುಟ್ಟು ಬೇರೆ ಮಾತಿಲ್ಲ! ಅಡುಗೆ ಮನೇಲೂ ಇಲ್ಲ, ಕನಸ್ನಲ್ಲೂ ಇಲ್ಲ! ಯಾರ್ ಬೇಕಾದ್ರೂ ಯಾವಾಗ್ ಬೇಕಾದ್ರೂ ಬಂದು ಕೇಳ್ಕಳಿ!"

ಶಿಳ್ಳೆ, ಚಪ್ಪಾಳೆ. ಹುಡುಗರು ಹೆಗಲ ಮೇಲೆ ಹೊತ್ತು ಮೆರೆಸಿದರು. ನಾನು ಕೆಳಗೆ ಅವರ ಚಪ್ಪಲಿ ಹಿಡಿದುಕೊಂಡು ಓಡುತ್ತಿದ್ದೆ. ಮೇಲಿದ್ದವರ ಮುಖ ನನಗೆ ಕಾಣುತ್ತಿತ್ತು, ಇಳಿಸಿ ಎಂದು ಹೇಳಲು ಆಗದವರ ಮುಖ ಅದು. ಮನೆಗೆ ಬಂದಾಗ ಗಂಟಲಿಂದ ಸ್ವರವೇ ಹೊರಡುತ್ತಿರಲಿಲ್ಲ. ತಾಯಿ ಮೆಣಸಿನ ಕಷಾಯ ತಂದು ಮುಂದಿಟ್ಟು ಒಳಗೆ ಹೋದರು. ತಂದೆ ನನ್ನನ್ನು ಮಿಷನ್ ಶೆಡ್ಡಿನ ಕಡೆ ಕರೆದುಕೊಂಡು ಹೋಗಿ, ಕೈಗಂಟಿದ ಗ್ರೀಸು ಒರೆಸಿಕೊಳ್ಳುತ್ತಾ ಕೇಳಿದರು. "ಫೋನಲ್ಲಿ ನೋಡ್ದೆ ಸಾರ್. ಮಗಾ ಚೆನ್ನಾಗಿ ಮಾತಾಡ್ದಾ?"

"ಚೆನ್ನಾಗಿ ಮಾತಾಡಿದ್ರು" ಎಂದೆ.

"ಹಾಂ. ಅವನಿಗೆ ಕಷ್ಟ ಆಗ್ಬಾರ್ದು. ಇನ್ಮೇಲೆ ಟಿ.ವಿ. ಕೂಡಾ ಕನ್ನಡದ್ದೇ ಹಾಕ್ತೀವಿ." ಅವರು ಅದನ್ನು ದೂರಿನಂತೆ ಹೇಳಲಿಲ್ಲ. ಮಗನಿಗೆ ಒಂದು ಹೊಸ ಸಾಮಾನು ಬೇಕು, ತಂದುಕೊಡುತ್ತೇನೆ ಎನ್ನುವಂತೆ ಹೇಳಿದರು. ನನಗೆ ಅವರ ಮುಖ ನೋಡಲಾಗಲಿಲ್ಲ.

ಗಲಾಟೆಯ ಬಿಸಿ ಆರುವ ಮೊದಲೇ ಆ ತಂದೆ ತೀರಿಕೊಂಡರು. ಬೆಳಗಿನ ಹೊತ್ತು ಮಿಷನ್ನಿನ ಬೆಲ್ಟು ಬಿಗಿ ಮಾಡುತ್ತಾ ಎದೆ ಹಿಡಿದುಕೊಂಡು ಕೂತವರು ಏಳಲಿಲ್ಲ. ನಾನು ಹೋಗುವಷ್ಟರಲ್ಲಿ ಅಂಗಳದಲ್ಲಿ ಮಲಗಿಸಿದ್ದರು. ಶಾಸಕರ ತಂದೆ ಎಂದ ಮೇಲೆ ಕೇಳಬೇಕೇ, ಮೂರು ತಾಲ್ಲೂಕಿನ ಜನ. ಎಲ್ಲ ಪಕ್ಷದವರೂ ಬಂದಿದ್ದರು. ಸರ್ಕಲ್ಲಿನಲ್ಲಿ ಮೈಕು ಕೊಟ್ಟಿದ್ದ ಮುಖಂಡರೂ ಹಾರ ಹಿಡಿದು ಬಂದಿದ್ದರು, ಅವರ ಹಿಂದೆ ಅವರ ಹುಡುಗರೂ ಇದ್ದರು. ಎಲ್ಲರ ಕೈಯಲ್ಲೂ ಫೋನು.

ನಮ್ಮ ಕಡೆ ಹೆಂಗಸರು ಹೆಣದ ಮುಂದೆ ಸುಮ್ಮನೆ ಅಳುವುದಿಲ್ಲ. ಸತ್ತವರ ಒಂದೊಂದೇ ಗುಣವನ್ನು ಹೇಳಿಕೊಂಡು, ರಾಗ ಎಳೆದು, ಎದೆ ಬಡಿದುಕೊಂಡು ಹಾಡಾಡಿ ಅಳುತ್ತಾರೆ. ಗಂಡ ಸತ್ತಾಗ ಹೆಂಡತಿ ಹಾಗೆ ಅಳದಿದ್ದರೆ ಸತ್ತವನಿಗೂ ಬಿಡುಗಡೆಯಿಲ್ಲ, ಉಳಿದವಳಿಗೂ ಇಲ್ಲ ಎಂದು ನಂಬುತ್ತಾರೆ. ಸೇಲಂ ಕಡೆಯೂ ಪದ್ಧತಿ ಅದೇ. ತಾಯಿ ಗಂಡನ ತಲೆಯ ಬಳಿ ಕೂತಿದ್ದರು. ಕೂದಲು ಬಿಚ್ಚಿಕೊಂಡರು, ಎದೆಗೆ ಒಂದು ಏಟು ಹಾಕಿಕೊಂಡರು, ಬಾಯಿ ತೆರೆದು ಮೊದಲ ಸೊಲ್ಲು ಎತ್ತಿದರು. ತಮಿಳು. ಎಷ್ಟು ಚೆಂದದ ಕಂಠ ಎಂದು ನನಗೆ ಅವತ್ತೇ ಗೊತ್ತಾದದ್ದು. ಇಡೀ ಅಂಗಳ ಅವರ ಕಡೆ ತಿರುಗಿತು. ಹಿಂದಿನ ಸಾಲಿನಲ್ಲಿ ಒಂದೊಂದಾಗಿ ಫೋನುಗಳು ಮೇಲೆದ್ದವು.

ನಾನು ಹಾರಗಳ ರಾಶಿ ಹಿಡಿದು ಶಾಸಕರ ಬೆನ್ನಿಗೇ ನಿಂತಿದ್ದೆ. ಇವರು ಫೋನುಗಳನ್ನು ನೋಡಿದರು, ಆ ಮುಖಂಡರನ್ನು ನೋಡಿದರು, ಬಾಗಿ ತಾಯಿಯ ಭುಜ ಹಿಡಿದರು.

"ಬ್ಯಾಡವ್ವಾ" ಎಂದರು. "ಕನ್ನಡದಲ್ಲಿ ಅಳವ್ವಾ."

ತಾಯಿ ತಲೆಯೆತ್ತಿ ಮಗನನ್ನು ನೋಡಿದರು. ಅದು ಸಿಟ್ಟಿನ ನೋಟ ಅಲ್ಲ. ಹೇಗೆ ಎಂದು ಕೇಳುವ ನೋಟ. ಆಮೇಲೆ ಹೆಣದ ಕಡೆ ತಿರುಗಿ, ತಮಗೆ ಬರುತ್ತಿದ್ದ ಕನ್ನಡವನ್ನೆಲ್ಲ ಹೇಳಿದರು. ಜಗಲಿಗೆ ಬರುವ ಜನರಿಗೆ ಹೇಳಲೆಂದು ಮಗನೇ ಕಲಿಸಿದ್ದ ನಾಲ್ಕು ಮಾತು ಅದು. "ಬನ್ನಿ. ಕೂತ್ಕಳಿ. ಕಾಪಿ ತತ್ತೀನಿ. ಸಾಯೇಬ್ರು ಈಗ ಬತ್ತಾರೆ." ಗಂಡನ ಕೆನ್ನೆ ಸವರುತ್ತಾ ಅದನ್ನೇ ಇನ್ನೊಂದು ಸಲ ಹೇಳಿದರು. ಹಿಂದೆ ಯಾರೋ ಒಬ್ಬ ಹುಡುಗ ಕಿಸಕ್ಕೆಂದ. ತಾಯಿ ಬಾಯಿ ಮುಚ್ಚಿಕೊಂಡರು.

ಅಲ್ಲಿಂದ ಮುಂದೆ ಅವರು ಅಳಲಿಲ್ಲ. ಮಿಷನ್ ಹಿಂದಿನ ಜಾಗದಲ್ಲೇ ಮಣ್ಣು ಮಾಡಿದರು, ಆಗಲೂ ಅಳಲಿಲ್ಲ. ಮೂರನೆಯ ದಿನ ಸಮಾಧಿಯ ಗುಡ್ಡೆಗೆ ಹಾಲುತುಪ್ಪ ಬಿಡುವಾಗಲೂ ಅಳಲಿಲ್ಲ. ಅನ್ನ ಮುಟ್ಟಲಿಲ್ಲ, ಮಾತಾಡಲಿಲ್ಲ, ಗೋಡೆಗೆ ಒರಗಿ ಕೂತಿದ್ದರು. ಊರಿನ ಹೆಂಗಸರು ಒಳ್ಳೆಯವರು. ಒಬ್ಬೊಬ್ಬರೇ ಬಂದು ತಬ್ಬಿಕೊಂಡು, "ಅತ್ತುಬುಡವ್ವ, ಎದೇಲಿ ಇಟ್ಕಬ್ಯಾಡ, ಕಟ್ಕತದೆ" ಎಂದು ಅಲುಗಿಸಿದರು. ತಾಯಿ ಅವರ ಮುಖ ನೋಡುತ್ತಿದ್ದರು, ಅಷ್ಟೇ. ಒಳಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿಕೊಳ್ಳೋಣವೆಂದರೆ ಮನೆ ತುಂಬ ಜನ. ಸೂತಕದ ಮನೆಯನ್ನು ಖಾಲಿ ಬಿಡುವುದು ನಮ್ಮವರಿಗೆ ಗೊತ್ತಿಲ್ಲ. ಅಡುಗೆ ಮನೆಯಲ್ಲಿ, ನಡುಮನೆಯಲ್ಲಿ, ಹಿತ್ತಿಲಿನಲ್ಲಿ, ಎಲ್ಲೆಂದರಲ್ಲಿ ಪ್ರೀತಿಯಿಂದ ಬಂದು ಕೂತಿದ್ದರು. ಡಾಕ್ಟರು ಬಂದು ನೋಡಿ, ಹೀಗೇ ಆದರೆ ಕಷ್ಟ ಎಂದು ಇವರಿಗೆ ಹೇಳಿ ಹೋದರು.

ಮಾರನೆಯ ಬೆಳಿಗ್ಗೆ ನಾನು ತಿಪಟೂರಿನ ಬಸ್‌ಸ್ಟ್ಯಾಂಡಿನಲ್ಲಿ ಇಳಿಯುತ್ತಿದ್ದಂತೆ ಡ್ರೈವರಿನ ಫೋನು ಬಂತು. "ಬೇಗ ಬನ್ನಿ ಸಾರ್. ಎಮ್ಮೆಲ್ಲೆ ಸಾಯೇಬ್ರು ಮಿಷನ್ ಓಡಿಸ್ತಾವ್ರೆ. ಊರೋರೆಲ್ಲ ಗೇಟ್ ತಾವ ಸೇರವ್ರೆ."

ನಾನು ನಂಬಲಿಲ್ಲ. ಸೂತಕದಲ್ಲಿ ಹನ್ನೊಂದನೆಯ ದಿನದ ತಿಥಿಯ ತನಕ ನಮ್ಮ ಕಡೆ ಯಾರೂ ಕಸುಬು ಮಾಡುವುದಿಲ್ಲ. ನೇಗಿಲು ಮುಟ್ಟುವುದಿಲ್ಲ, ಕಾಯಿ ಸುಲಿಯುವುದಿಲ್ಲ, ಅಂಗಡಿ ತೆರೆಯುವುದಿಲ್ಲ. ಇದು ಚಿಕ್ಕ ಮಗುವಿಗೂ ಗೊತ್ತು, ಎಲ್ಲರಿಗಿಂತ ಚೆನ್ನಾಗಿ ಇವರಿಗೆ ಗೊತ್ತು. ಯಾವ ಊರಲ್ಲಿ ಯಾವ ಪದ್ಧತಿ ಎಂದು ನನಗೇ ಹೇಳಿಕೊಡುತ್ತಿದ್ದವರು. ಆಟೋದಲ್ಲಿ ಹೋಗುವಾಗ ದಾರಿಯುದ್ದಕ್ಕೂ ಮನಸ್ಸಿನಲ್ಲಿ ಅವರನ್ನು ಬೈದುಕೊಂಡೇ ಹೋದೆ. ಊರ ಬಾಗಿಲಿಗೆ ಬರುವಷ್ಟರಲ್ಲೇ ಮಿಷನ್ನಿನ ಆರ್ಭಟ ಕೇಳಿಸಿತು.

ಗೇಟಿನ ಬಳಿ ಊರಿನ ಹಿರಿಯರು ಇವರನ್ನು ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಸದ್ದಿನಲ್ಲಿ ಕೂಗಿಯೇ ಹೇಳಬೇಕಿತ್ತು. "ಹನ್ನೊಂದು ದಿನ ತಡ್ಕಳಕ್ಕೆ ಆಗ್ಲಿಲ್ವೇನ್ಲಾ? ಗುಡ್ಡೆ ಮಣ್ಣು ಒಣಗಿಲ್ಲ! ದುಡ್ಡೇನು ಎದ್ದು ಓಡೋಗ್ತಿತ್ತಾ?"

ಇವರು ಎರಡೂ ಕೈ ಮುಗಿದು ನಿಂತಿದ್ದರು. "ತಪ್ಪಾಯ್ತು ತಾತ. ಲೋಡ್ ಕಳಿಸ್ಬೇಕಿತ್ತು. ಒಪ್ಕಂಡ್ಬುಟ್ಟಿದ್ದೆ."

"ಥೂ!" ಎಂದರು ಹಿರಿಯರು. "ಏನೇ ಆಗ್ಲಿ, ನಮ್ಮೋನಾಗಿದ್ರೆ ಹಿಂಗ್ ಮಾಡ್ತಿರ್ಲಿಲ್ಲ." ಜನ ಗುಂಪು ಕಟ್ಟಿಕೊಂಡು ವಾಪಸ್ಸು ಹೊರಟರು. ಮನೆಯೊಳಗೆ ಕೂತಿದ್ದ ಹೆಂಗಸರೂ ಸೆರಗು ಸರಿ ಮಾಡಿಕೊಂಡು ಅವರ ಹಿಂದೆಯೇ ಹೋದರು. ಅಪ್ಪನನ್ನು ಮಣ್ಣು ಮಾಡಿ ಬಂದು ಮಿಷನ್ ಹಾಕಿದವನು ಎಂಬ ಮಾತು ಅವತ್ತು ಸಂಜೆಯೊಳಗೆ ಮೂರು ತಾಲ್ಲೂಕು ಸುತ್ತಿತು. ಚುನಾವಣೆಯಲ್ಲಿ ಎದುರು ಪಕ್ಷದವರಿಗೆ ಬೇರೆ ಯಾವ ಭಾಷಣವೂ ಬೇಕಾಗಲಿಲ್ಲ.

ನಾನು ಕೋಪದಲ್ಲಿ ಅವರ ಹತ್ತಿರ ಹೋಗಿ, "ಏನು ಸಾರ್ ಇದು? ಯಾವ ಲೋಡು?" ಎಂದು ಕೂಗಿದೆ. ಅವರು ನನ್ನ ಮೊಣಕೈ ಹಿಡಿದು ಶೆಡ್ಡಿನ ಕಂಬದ ತನಕ ಕರೆದುಕೊಂಡು ಹೋದರು.

ಆ ಮಿಷನ್ ಓಡುವಾಗ ಪಕ್ಕದಲ್ಲಿ ಡೋಲು ಬಡಿದರೂ ಕೇಳುವುದಿಲ್ಲ. ಅಲ್ಲಿ ಕೆಲಸ ಮಾಡುವವರು ಸನ್ನೆಯಲ್ಲೇ ಮಾತಾಡುತ್ತಾರೆ. ಹೊಟ್ಟಿನ ಧೂಳು ಕಂದು ಮಂಜಾಗಿ ಕವಿದಿತ್ತು. ಅದರ ನಡುವೆ, ಗಂಡ ಕುಸಿದು ಕೂತಿದ್ದ ಜಾಗದಲ್ಲೇ, ತಾಯಿ ಕೂತಿದ್ದರು. ಕೂದಲು ಬಿಚ್ಚಿತ್ತು. ಎರಡೂ ಕೈಯಿಂದ ಎದೆ ಬಡಿದುಕೊಳ್ಳುತ್ತಿದ್ದರು. ಮುಖ ಮೇಲಕ್ಕೆತ್ತಿ, ಬಾಯಿ ತುಂಬ ತೆರೆದು, ಕತ್ತಿನ ನರ ಉಬ್ಬುವ ಹಾಗೆ ಹಾಡಾಡಿ ಅಳುತ್ತಿದ್ದರು. ಸೊಲ್ಲು ಮುಗಿದಾಗ ತಲೆ ಬ‌ಗ್ಗುತ್ತಿತ್ತು, ಮತ್ತೆ ಏಳುತ್ತಿತ್ತು, ಮತ್ತೊಂದು ಸೊಲ್ಲು. ಕಣ್ಣೀರು ಧೂಳಿನಲ್ಲಿ ಗೆರೆ ಎಳೆದುಕೊಂಡು ಇಳಿಯುತ್ತಿತ್ತು. ನಾನು ಹತ್ತು ಮಾರು ದೂರದಲ್ಲಿದ್ದೆ. ಅವರ ಒಂದು ಅಕ್ಷರವೂ ನನಗೆ ಕೇಳಿಸಲಿಲ್ಲ.

ನನಗೂ ಕಣ್ಣು ತುಂಬಿ ಬಂತು. ಅವರ ಕಿವಿಗೆ ಬಾಯಿಟ್ಟು, "ಹೋದೋರನ್ನ ನಾನು ಕರ್ಕೊಂಡು ಬತ್ತೀನಿ ಸಾರ್. ನಿಜ ಹೇಳ್ತೀನಿ" ಎಂದು ಕಿರುಚಿದೆ.

ಅವರು ತಿರುಗಿ ನನ್ನ ಕಿವಿಗೆ ಕಿರುಚಿದರು. "ಏನಂತ ಹೇಳ್ತೀರಾ ಅಣ್ಣಾ? ಯಾವ ಮಾತಲ್ಲಿ ಅಳ್ತಾವ್ಳೆ ಅಂತ ಹೇಳ್ತೀರಾ?"

ನಾನು ಅಲ್ಲೇ ನಿಂತೆ.

ಅಷ್ಟರಲ್ಲಿ ಮಿಷನ್ ನೋಡಿಕೊಳ್ಳುವ ಕರಿಯಣ್ಣ ಆ ಬದಿಯಿಂದ ಬಂದ. ತಾಯಿಯ ಕಡೆ ನೋಡದೆ, ಇವರ ಎದುರು ನಿಂತು ಎರಡೂ ಅಂಗೈ ಬಿಚ್ಚಿ ತೋರಿಸಿದ. ಮಟ್ಟೆ ಮುಗಿಯಿತು, ಒಳಗೆ ಹಾಕಲು ಏನೂ ಇಲ್ಲ. ಮಿಷನ್ ನಿಲ್ಲಿಸಲೇ ಎಂದು ಸ್ವಿಚ್ಚಿನ ಕಡೆ ಬೆರಳು ಮಾಡಿದ.

ಇವರು ತಾಯಿಯನ್ನು ನೋಡಿದರು. ಆಕೆ ಮತ್ತೆ ಮುಖ ಎತ್ತಿ, ಉಸಿರು ತುಂಬಿಕೊಳ್ಳುತ್ತಿದ್ದರು.

"ಖಾಲಿ ಓಡ್ಲಿ ಬುಡು" ಎಂದು ಕೂಗಿದರು.